ಬೋಲ್ಟ್ ಬೀಳದ ಕಿಟಕಿ

ನಮ್ಮ ಬೀದಿಯ ಗಣೇಶನಿಗೆ ಕರೆಂಟು ಬರುವುದು ಎದುರು ಮನೆಯಿಂದ. ಪೆಂಡಾಲು ನಿಲ್ಲುವುದು ಅವರ ಗೋಡೆಗೆ ಒರಗಿಕೊಂಡೇ. ಕಿಟಕಿಯ ಸರಳಿನೊಳಗೆ ತಂತಿ ತೂರಿಸಿದರೆ ಅಲ್ಲೇ ಪ್ಲಗ್ಗು. ಆ ಮನೆಯಾಕೆ ಮುಸ್ಲಿಂ ಹೆಂಗಸು, ನನ್ನ ಗೆಳತಿ. ಈದ್ ಮಿಲಾದ್ ಬಂದರೆ ಅವರ ಗೇಟಿನ ಹಸಿರು ದೀಪದ ಸರಕ್ಕೆ ನಮ್ಮ ಜಗಲಿಯ ಪ್ಲಗ್ಗು. ಇದನ್ನು ನಾವು ಯಾವತ್ತೂ ಸೌಹಾರ್ದ ಗೀಹಾರ್ದ ಅಂತ ಕರೆದವರಲ್ಲ. ಅನುಕೂಲ, ಅಷ್ಟೆ.

ಆ ವರ್ಷ ಎರಡು ಹಬ್ಬಗಳೂ ಒಂದರ ಬೆನ್ನಿಗೊಂದು ಬಂದವು. ಇನ್ನಾವುದೋ ಊರಲ್ಲಿ ಗಣೇಶನನ್ನು ತರುವಾಗ ಕಲ್ಲು ಬಿತ್ತಂತೆ, ಆಮೇಲೆ ಅಂಗಡಿಗೆ ಬೆಂಕಿ ಇಟ್ಟರಂತೆ. ಹಾಳು ಫೋನಿನಲ್ಲಿ ಬೆಳಗಿನಿಂದ ಅದೇ. ನೋಡಬಾರದು ಅಂದುಕೊಂಡೇ ನೋಡಿದೆ. ಗಂಡ ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟಿಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ.

ಸಂಜೆ ಪೆಂಡಾಲಿನ ಹುಡುಗರು ತಂತಿ ಹಿಡಿದು ಬಂದರು. "ಈ ಸಲ ಜನರೇಟರ್ ತಂದ್ಬುಡೋಣ ಕಣಕ್ಕ. ಸುಮ್ನೆ ಯಾಕೆ ರಿಸ್ಕು?" ಅಂದ ಒಬ್ಬ. ನನಗೆ ಎಷ್ಟೇ ಭಯವಿರಲಿ, ಸಿಟ್ಟು ಅದಕ್ಕಿಂತ ಮುಂದೆ ಓಡುತ್ತದೆ.

"ಪುಳಿಯೋಗರೆ ಕಲಸಕ್ಕೆ ಅವಳ ಮನೆ ಪಾತ್ರೆ ಆಯ್ತದೆ, ಕರೆಂಟು ಆಗಲ್ವೇನ್ರೋ? ಕೊಡಿ ಇಲ್ಲಿ!" ಎಂದು ತಂತಿ ಕಿತ್ತುಕೊಂಡು ಹೊರಟೆ.

ಬೀದಿ ದಾಟುವಷ್ಟರಲ್ಲಿ ಸಿಟ್ಟೆಲ್ಲ ಇಳಿದುಹೋಗಿತ್ತು. ಹಬ್ಬದ ದಿನ ಬೆಳಗ್ಗೆಯೇ ತೆರೆದಿರುತ್ತಿದ್ದ ಕಿಟಕಿ ಮುಚ್ಚಿತ್ತು. ಬಾಗಿಲು ತಟ್ಟಿದೆ. ಒಳಗೆ ಕುಕ್ಕರ್ ಕೂಗಿತು, ಯಾರೋ ಓಡಿಹೋಗಿ ಸ್ಟವ್ ಆರಿಸಿದರು. ಅವಳು ಒಳಗೇ ಇದ್ದಾಳೆ, ಉಸಿರು ಬಿಗಿಹಿಡಿದಿದ್ದಾಳೆ. ಬಾಗಿಲು ತಟ್ಟುವ ಕೈಗೆ ಹೆದರಿದ್ದಾಳೆ, ಆ ಕೈ ನನ್ನದು. ನಾನು ಎಲ್ಲರಿಗೂ ಹೆದರುವವಳು. ನನಗೂ ಯಾರಾದರೂ ಹೆದರಬಹುದು ಎಂದು ಹೊಳೆದೇ ಇರಲಿಲ್ಲ.

"ನಾನು ಕಣೇ," ಅಂದೆ. "ತಂತಿ ತಂದಿದೀನಿ."

ಕಿಟಕಿ ಒಂದಿಷ್ಟೇ ತೆರೆಯಿತು. ಬಳೆ ತೊಟ್ಟ ಕೈಯೊಂದು ಬಂದು ಪ್ಲಗ್ಗನ್ನು ಒಳಗೆಳೆದುಕೊಂಡಿತು. ಪೆಂಡಾಲಿನ ದೀಪಗಳು ಹತ್ತಿದವು, ಹುಡುಗರು ಹೋ ಎಂದು ಕೂಗಿದರು. ಆ ಕೂಗಿಗೆ ಒಳಗೆ ಅವಳ ಮಗು ಬೆಚ್ಚಿ ಅತ್ತಿತು. ಆಮೇಲೆ ಬೋಲ್ಟ್ ಎಳೆಯುವ ಸದ್ದು ಮತ್ತೆ ಮತ್ತೆ ಕೇಳಿತು.

"ಅಕ್ಕಾ, ತಂತಿ ಅಡ್ಡ ಬತ್ತಾ ಐತೆ. ಬೋಲ್ಟ್ ಬೀಳ್ತಿಲ್ಲ. ಇವ್ರು ಆಟೋ ತಗೊಂಡು ಹೋದೋರು ಇನ್ನೂ ಬಂದಿಲ್ಲ."

ಅಷ್ಟು ವರ್ಷವೂ ಹಬ್ಬ ಮುಗಿಯುವ ತನಕ ಆ ಕಿಟಕಿ ತೆರೆದೇ ಇರುತ್ತಿತ್ತು. ಅದಕ್ಕೊಂದು ಬೋಲ್ಟ್ ಇದೆ ಎಂಬುದೇ ನಮ್ಮಿಬ್ಬರಿಗೂ ಮರೆತುಹೋಗಿತ್ತು.

"ಕಿತ್ತುಬುಡು, ಹುಡುಗ್ರಿಗೆ ನಾನು ಹೇಳ್ಕೋತೀನಿ," ಅಂದೆ.

"ಈಗ ದೀಪ ಆರೋದ್ರೆ ನಮ್ಮುನ್ನ ಏನಂದ್ಕೋತಾರಕ್ಕ?"

ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಆ ಕಿಟಕಿಯ ಕೆಳಗೆ ಹಾಕಿಕೊಂಡು ಕೂತೆ. ಮಂಡಿನೋವಿನ ಹೆಂಗಸು, ಜಿರಳೆ ಕಂಡರೆ ಮಂಚ ಹತ್ತುವವಳು, ಕಾವಲಿಗೆ! ಪಕ್ಕದ ಬಡಾವಣೆಯ ಗಣೇಶನ ಮೆರವಣಿಗೆ ನಮ್ಮ ಬೀದಿಗೆ ತಿರುಗಿತು. ತಮಟೆ, ಶಿಳ್ಳೆ, ಘೋಷಣೆ ಹತ್ತಿರವಾದವು. ನನ್ನ ನಡುಕಕ್ಕೆ ಕುರ್ಚಿಯ ಕಾಲು ಕಟಕಟ ಅನ್ನತೊಡಗಿತು. ಹಿಂದಿನಿಂದ ಅವಳ ಕೈ ಸರಳಿನ ನಡುವೆ ಬಂದು ನನ್ನ ಹೆಗಲು ಹಿಡಿಯಿತು. ಧೈರ್ಯ ಹೇಳಲು ಅಂದುಕೊಂಡೆ. ಅದು ನನಗಿಂತ ಹೆಚ್ಚು ನಡುಗುತ್ತಿತ್ತು.

ಮೆರವಣಿಗೆ ದಾಟಿಹೋಯಿತು. ಏನೂ ಆಗಲಿಲ್ಲ. ಬೆವರು ಒರೆಸಿಕೊಂಡು ಏಳಲು ಹೋದರೆ ಅವಳು ಹೆಗಲು ಬಿಡಲಿಲ್ಲ.

"ಅಕ್ಕಾ, ಗಣೇಶನ್ನ ಬಿಡೋಗಂಟ ಈ ತಂತಿ ಇಂಗೇ ಇರ್ತದಲ್ವಾ?" ಅಂದಳು.

ನಾನು ಮತ್ತೆ ಕೂತೆ.