ದಡ ಮುಟ್ಟಿತು ಎಂದಿದ್ದೆ

ನರಿಯ ಎಡಗಣ್ಣಿನ ಗುಂಡಿಗೆ ನಾಲ್ಕು ತೂತು, ಬಲಗಣ್ಣಿನದಕ್ಕೆ ಎರಡು. ಬೂದುಬಣ್ಣದ ಕಾಲುಚೀಲದಲ್ಲಿ ಹೊಲಿದ ಆ ಕೈಗೊಂಬೆಯನ್ನು ಕಳೆದ ತಿಂಗಳು ತಿರುವನಂತಪುರದ ತುಂಬ ಎಂಬಲ್ಲಿ, ಒಂದು ಮನೆಯ ಜಗಲಿಯಲ್ಲಿ ಕುಳಿತು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದಾಗ ನುಸಿಗುಳಿಗೆಯ ವಾಸನೆ ಬಂತು. "ಇದು ನಿನ್ನ ಹತ್ರ ಇರ್ಲಿ" ಎಂದು ಕೊಟ್ಟವರು ಅದರ ಒಡತಿಯ ತಂಗಿ. ಒಡತಿ ತೀರಿಕೊಂಡು ಹದಿಮೂರು ದಿನವಾಗಿತ್ತು.

ಅವರನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಸಂಬಂಧವೇನೂ ಇರಲಿಲ್ಲ. ಐಟಿ ಪಾರ್ಕಿನ ಕೆಲಸಕ್ಕೆ ಕೊಚ್ಚಿಗೆ ಬಂದ ನನಗೆ ಅವರು ಎದುರು ಫ್ಲ್ಯಾಟಿನವರು, ನಮ್ಮ ಕಾಸರಗೋಡಿನ ಕಡೆಯವರು. ಕನ್ನಡದ ಕಾಗದಪತ್ರಗಳನ್ನು ನ್ಯಾಯಾಲಯಕ್ಕಾಗಿ ಮಲಯಾಳಕ್ಕೆ ಅನುವಾದಿಸುತ್ತಿದ್ದು ನಿವೃತ್ತರಾಗಿದ್ದರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಫೋರ್ಟ್ ಕೊಚ್ಚಿಯ ಹಳೆಯ ಗೋದಾಮೊಂದರ ಮಹಡಿಯಲ್ಲಿ ಕನ್ನಡದ ಮನೆಗಳ ಮಕ್ಕಳಿಗೆ ಕತೆ ಹೇಳುತ್ತಿದ್ದರು. ಹೇಳುತ್ತಿದ್ದರು ಎಂಬುದು ಅರ್ಧ ನಿಜ. ನರಿಯನ್ನು ಕೈಗೆ ಹಾಕಿಕೊಂಡು ಶುರು ಮಾಡಿ, ಎಲ್ಲೆಂದರಲ್ಲಿ ನಿಲ್ಲಿಸಿ, "ಮತ್ತೆ ಎಂತಾಯ್ತು?" ಎಂದು ಮಕ್ಕಳನ್ನೇ ಕೇಳುತ್ತಿದ್ದರು. ಯಾವ ಮಗು ಏನು ಹೇಳಿದರೂ ಕತೆ ಆ ಕಡೆ ತಿರುಗಬೇಕು.

ಮಕ್ಕಳು ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರಿಸುವವರು. ಕತೆ ನಿಂತರೆ "ಎನ್ನಿಟ್ಟ್, ಅಮ್ಮೂಮ್ಮೇ?" ಎಂದು ಕೂಗುತ್ತಿದ್ದರು.

"ಎನ್ನಿಟ್ಟಾ? ಈ ನರಿ ನಮ್ಮ ಊರಿದ್ದು ಮಾರಾಯ. ಮತ್ತೆ ಎಂತಾಯ್ತು ಅಂತ ಕೇಳು, ಇಲ್ಲದಿದ್ರೆ ಇಲ್ಲೇ ಮಲಗ್ತದೆ" ಎಂದು ನರಿಯನ್ನು ತೊಡೆಯ ಮೇಲೆ ಮಲಗಿಸಿಬಿಡುತ್ತಿದ್ದರು. ಅದು ಏಳುವವರೆಗೆ ಮಕ್ಕಳಿಗೆ ಕನ್ನಡವೇ ಗತಿ.

ಕತೆ ಎಷ್ಟು ಅಡ್ಡಾಡಿದರೂ ತಾವು ಮೊದಲೇ ಎಣಿಸಿಕೊಂಡ ಕೊನೆಗೇ ತಂದು ನಿಲ್ಲಿಸುವುದು ಅವರ ಹೆಮ್ಮೆಯಾಗಿತ್ತು. ಆ ಕೊನೆಯನ್ನು ಒಂದು ವಾಕ್ಯದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿಡುತ್ತಿದ್ದರು. ಜೊತೆಗೆ ಹೋಗುತ್ತಿದ್ದ ನನ್ನನ್ನು ಮರಳುವ ಬಸ್ಸಿನಲ್ಲಿ ಕೇಳುತ್ತಿದ್ದರು: "ದಡ ಮುಟ್ಟಿತಾ?" ನಾನು ಪುಸ್ತಕ ತೆರೆದು, ನೋಡಿ, ಹೇಳಬೇಕು.

ಒಂದು ಭಾನುವಾರ ಮುಟ್ಟಲಿಲ್ಲ. ನರಿ ಬಾವಿಯಿಂದ ಹೊರಗೆ ಬರುತ್ತದೆ ಎಂದು ಬರೆದಿದ್ದೆ. ಮಕ್ಕಳು ಅದನ್ನು ದೋಣಿ ಹತ್ತಿಸಿದರು, ಅದು ದೋಣಿಯಲ್ಲೇ ಉಳಿಯಿತು. ಮುಂದಿನ ತಿಂಗಳು "ಮತ್ತೆ ಎಂತಾಯ್ತು?" ಹೆಚ್ಚಾಯಿತು. ಅದರ ಮುಂದಿನ ತಿಂಗಳು ಇನ್ನೂ ಹೆಚ್ಚು. "ಈಗ ಮಕ್ಕಳೇ ಕನ್ನಡದಲ್ಲಿ ಕಥೆ ಕಟ್ತಿದಾರೆ ನೋಡ್ರೀ" ಎಂದು ಮೈಸೂರಿನ ತಾಯಿಯೊಬ್ಬರು ಖುಷಿಯಿಂದ ಫೋನಿನಲ್ಲಿ ವಿಡಿಯೊ ಮಾಡಿಕೊಂಡರು. ದೊಡ್ಡಮ್ಮ ಆಟಕ್ಕೆ ಕೇಳುತ್ತಿಲ್ಲ, ನೆನಪಾಗದೆ ಕೇಳುತ್ತಿದ್ದಾರೆ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಪುಸ್ತಕ ನನ್ನ ಕೈಯಲ್ಲಿತ್ತು.

"ದಡ ಮುಟ್ಟಿತಾ?"

"ಮುಟ್ಟಿತು, ದೊಡ್ಡಮ್ಮ."

ಮೂರು ಸಲವೂ ಹಾಗೆಯೇ ಹೇಳಿದೆ. ಅವರ ಮುಖ ನೋಡಿ ಬೇರೆ ಹೇಳಲಾಗಲಿಲ್ಲ... ಅಥವಾ ಇನ್ನೊಬ್ಬರ ವಿಷಯಕ್ಕೆ ಹೋಗದ ನನ್ನ ಅಭ್ಯಾಸವನ್ನೇ ದಯೆ ಎಂದುಕೊಂಡೆ.

ಆ ಧೈರ್ಯದಲ್ಲಿ ಅವರು ತಂಗಿಯ ಕರೆಗೆ ಒಪ್ಪಿ ಕತೆ ಹೇಳಲು ತಿರುವನಂತಪುರಕ್ಕೆ ಹೊರಟರು. ತುಂಬದ ಹತ್ತಿರ ಒಂದು ಸಭಾಂಗಣ, ನೂರರಷ್ಟು ಮಕ್ಕಳು, ಮೈಕು. ನಾಲ್ಕು ಮಾತು ಹೇಳಿ "ಮತ್ತೆ ಎಂತಾಯ್ತು?" ಎಂದರು. ಒಬ್ಬ ಹುಡುಗ ಉತ್ತರ ಹೇಳಿದ. "ಮತ್ತೆ ಎಂತಾಯ್ತು?" ಇನ್ನೊಬ್ಬಳು ಹೇಳಿದಳು. ಯಾರ ಉತ್ತರವನ್ನೂ ಎತ್ತಿಕೊಳ್ಳದೆ ಅದನ್ನೇ ಕೇಳುತ್ತಾ ಹೋದರು. ಅದೇ ಆಟವೆಂದು ತಿಳಿದು ಮಕ್ಕಳೆಲ್ಲ ಒಟ್ಟಾಗಿ "ಮತ್ತೆ ಎಂತಾಯ್ತು!" ಎಂದು ತಿರುಗಿ ಕೂಗಿದರು. ದೊಡ್ಡಮ್ಮ ಮೊದಲ ಸಾಲಿನಲ್ಲಿದ್ದ ನನ್ನ ಕಡೆ ಬಾಗಿ, ಮೈಕಿನಲ್ಲೇ, "ಇವರೆಲ್ಲ ಯಾರ ಮಕ್ಕಳು?" ಎಂದರು. ಸಭೆ ನಕ್ಕಿತು. ಆ ನಗು ಎಂಥದ್ದೆಂದು ಅವರಿಗೆ ಅರ್ಥವಾಯಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ನರಿಯನ್ನು ಕೈಯಿಂದ ಬಿಡಿಸಿ ಮಡಚುತ್ತಾ ಕೇಳಿದರು, "ನೀನು ಮುಟ್ಟಿತು ಅಂತ ಹೇಳ್ತಿದ್ದದ್ದು... ಮುಟ್ಟಿತ್ತಾ?"

ನಾನು ಪುಸ್ತಕವನ್ನು ಚೀಲದೊಳಗೆ ತಳ್ಳಿದೆ.

"ಗೊತ್ತಿದ್ದಿದ್ರೆ ಇಷ್ಟು ಜನರ ಎದುರು ನಿಲ್ತಿರ್ಲಿಲ್ಲ ಮಾರಾಯ್ತಿ."

ದನಿಯಲ್ಲಿ ಕೋಪವಿರಲಿಲ್ಲ. ಅವರು ಮತ್ತೆ ಕೊಚ್ಚಿಗೆ ಬರಲಿಲ್ಲ. ಎರಡು ವರ್ಷ ತಂಗಿಯ ಮನೆಯಲ್ಲಿದ್ದರು. ನಾನು ನೋಡಲು ಹೋದಾಗಲೆಲ್ಲ ಬ್ಯಾಂಕಿನಿಂದ ಬಂದವಳೆಂದು ತಿಳಿದು, ಸಹಿ ಎಲ್ಲಿ ಹಾಕಬೇಕೆಂದು ಕೇಳುತ್ತಿದ್ದರು.

ಚೀಲ ಕೊಟ್ಟ ದಿನ ಆ ತಂಗಿ ಹೇಳಿದರು, "ನಾನೇ ಕರೆಸಿ ಹಾಳು ಮಾಡಿದೆ. ಆ ಗಲಾಟೆಗೆ ಅಕ್ಕನ ತಲೆ ಅವತ್ತೇ ಕೆಟ್ಟದ್ದು. ಅಲ್ಲಿವರೆಗೆ ಸರಿ ಇದ್ಲಲ್ಲ, ನೀನೇ ನೋಡಿದ್ದಿ."

ಎರಡು ವರ್ಷವೂ ಅದನ್ನೇ ನಂಬಿಕೊಂಡು ಅವರು ಅಕ್ಕನಿಗೆ ಉಣ್ಣಿಸಿದ್ದರು, ಸ್ನಾನ ಮಾಡಿಸಿದ್ದರು. ನಾನು ಚಹಾ ಮುಗಿಸಿ, ಚೀಲ ತೆಗೆದುಕೊಂಡು, ರಾತ್ರಿ ಉಳಿಯಲು ಗೆಳತಿಯೊಬ್ಬಳ ಮನೆಗೆ ಹೊರಟುಬಂದೆ. ದೊಡ್ಡಮ್ಮನಿಗೆ ಹೇಳಬೇಕಾಗಿದ್ದನ್ನು ಇನ್ನು ಹೇಳುವಂತಿಲ್ಲ.

ಮರುದಿನ ಬೆಳಿಗ್ಗೆ ಕೊಚ್ಚಿಯ ರೈಲು ಹತ್ತದೆ ಮತ್ತೆ ತುಂಬಕ್ಕೆ ಹೋದೆ. ಅವರು ಅಂಗಳದಲ್ಲಿ ಅಕ್ಕನ ಹಾಸಿಗೆಯನ್ನು ಬಿಸಿಲಿಗೆ ಎಳೆಯುತ್ತಿದ್ದರು. "ಎಂತ, ಏನಾದ್ರೂ ಬಿಟ್ಟು ಹೋದ್ಯಾ?" ಎಂದರು. ಹಾಸಿಗೆಯ ಇನ್ನೊಂದು ತುದಿಯನ್ನು ನಾನು ಹಿಡಿದೆ. ಇಬ್ಬರೂ ಸೇರಿ ಅದನ್ನು ಗಿಡ್ಡ ಗೋಡೆಯ ಮೇಲೆ ಹರಡಿದೆವು. ಆಮೇಲೆ ಆ ಮೂರು ಭಾನುವಾರಗಳನ್ನು ಒಂದೊಂದಾಗಿ ಅವರಿಗೆ ಹೇಳಿದೆ.