ಹಿಂದಕ್ಕೆ ಬಂದ ಗಂಜಿ

ಮೊದಲ ದಿನ ಹಿಂದಕ್ಕೆ ಬಂದದ್ದು ಗಂಜಿ. ನನ್ನ ಗಂಡ ಎರಡು ಚಮಚ ನುಂಗಿದರು. ಮೂರನೆಯದು ಗಂಟಲಲ್ಲೇ ನಿಂತಿತು. ಆಮೇಲೆ ಮೂಗಿನಿಂದ ಇಳಿಯಿತು. ಮೇಲ್ತುಟಿಯ ಮೇಲೆ ಲೋಳೆ ಬೆರೆತ ಕುಚ್ಚಲಕ್ಕಿಯ ಅಗುಳು.

ಒರೆಸಿದೆ. ಹಿತ್ತಲಿಗೆ ಹೋಗಿ ನಾನೂ ವಾಂತಿ ಮಾಡಿದೆ.

ಕಾಪುವಿನ ಮನೆಯಲ್ಲಿ ನಾವಿಬ್ಬರೇ. ಇವರು ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆ ತೆಗೆದು ಎಂಟು ತಿಂಗಳಾಗಿತ್ತು. ಮಾತು ಹೋಯಿತು, ಹೇಳಬೇಕಾದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ. ಉಸಿರಾಟ ಕತ್ತಿನ ತೂತಿನಿಂದ. ಆ ತೂತಿನ ಕಫ ತೆಗೆಯುವುದಕ್ಕೆ ನನ್ನ ಕೈ ಹೇಗೋ ಒಗ್ಗಿತ್ತು. ಅಗಿದ ಅನ್ನ ಅರ್ಧ ಗಂಟೆ ಬಿಟ್ಟು ಹಳಸಿದ ನಾತದೊಂದಿಗೆ ವಾಪಸು ಬರುವುದಕ್ಕೆ ಒಗ್ಗಲಿಲ್ಲ. ಮೂಗಿನಿಂದ ಉಸಿರಾಡದ ಇವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ನಾತವೆಲ್ಲ ನನ್ನ ಪಾಲಿಗೆ. ಇವರ ಊಟಕ್ಕೆ ಮೊದಲೇ ನಾನು ಅಡುಗೆಮನೆಯಲ್ಲಿ ನಿಂತುಕೊಂಡು ಉಣ್ಣತೊಡಗಿದೆ.

ಡಾಕ್ಟರಿಗೆ ಹೇಳಲಿಲ್ಲ. ಕ್ಯಾನ್ಸರ್ ಪುನಃ ಬಂದಿದೆ ಎಂದುಬಿಟ್ಟರೆ ಎಂಬ ಹೆದರಿಕೆ ಇಬ್ಬರಿಗೂ.

ಕಾರ್ಕಳದಲ್ಲಿ ನಾದಿನಿಯ ಮಗಳ ಸೀಮಂತ. ಬೇಡವೆಂದರೂ ಇವರನ್ನು ಊಟಕ್ಕೆ ಕೂರಿಸಿದರು. ಪಾಯಸ ಮೂಗಿನಿಂದ ಎಲೆಗೆ ಸುರಿಯಿತು. ಪಕ್ಕದವರು ಎಲೆ ಮಡಚಿ ಎದ್ದರು. ನಾನು ಎದುರಿನ ಸಾಲಿನಲ್ಲಿದ್ದೆ.

ನೋಡದ ಹಾಗೆ ಕುಳಿತೆ.

ವಾಪಸು ಬರುವಾಗ, ಬಸ್ಸು ಹಿರಿಯಡ್ಕ ದಾಟಿದ ಮೇಲೆ, ಇವರು ಮೊಬೈಲ್ ನನ್ನ ಕಡೆ ಹಿಡಿದರು. "ನಿನಗೆ ನನ್ನನ್ನು ಕಂಡರೆ ಹೇಸಿಗೆ ಆಗ್ತದಾ?"

ಇಲ್ಲ ಎನ್ನಬೇಕಿತ್ತು.

"ಹೌದು," ಎಂದೆ.

ಇವರು ಮೊಬೈಲನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮತ್ತೆ ಬರೆದರು: "ನನಗೂ. ಡಾಕ್ಟರಿಗೆ ಹೇಳುವ."

ಮಣಿಪಾಲದಲ್ಲಿ ಸ್ಕೋಪ್ ಹಾಕಿ ನೋಡಿದರು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಆ ಬಿಳಿ ನೀರೂ ಅರ್ಧ ಗೌನಿನ ಮೇಲೆಯೇ ಬಂತು.

"ಕ್ಯಾನ್ಸರ್ ಅಲ್ಲಮ್ಮ," ಎಂದರು ಡಾಕ್ಟರ್. "ನುಂಗುವಾಗ ಗಂಟಲಿನ ಕೆಳಗಿನ ಮಸಲ್ ಸಡಿಲ ಆಗ್ಬೇಕು. ಇವರದ್ದು ಬಿಗಿದುಕೊಂಡೇ ಉಂಟು. ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ನೋಡುವ."

"ಅದು ಮುಖದ ನೆರಿಗೆಗೆ ಕೊಡುವುದಲ್ವಾ?"

"ಅದೇ ಔಷಧ. ಬಿಗಿದ ಮಸಲನ್ನು ಸಡಿಲ ಮಾಡ್ತದೆ. ಕೆಲವು ತಿಂಗಳಲ್ಲಿ ಪವರ್ ಇಳೀತದೆ, ಪುನಃ ಬೇಕಾಗಬಹುದು. ಎಲ್ಲರಿಗೂ ಒಂದೇ ರೀತಿ ಗುಣ ಸಿಗುವುದಿಲ್ಲ."

ಹೊರಗಿನಿಂದಲೇ ಕತ್ತಿಗೆ ಸೂಜಿ ಚುಚ್ಚಿದರು. ಮೂರು ದಿನ ಏನೂ ಬದಲಾಗಲಿಲ್ಲ. ಅದೇ ಹುಳಿ ಅನ್ನ, ಅದೇ ಲೋಳೆ. "ಸುಮ್ಮನೆ ಚುಚ್ಚಿಸಿಕೊಂಡದ್ದು," ಎಂದು ರೇಗಿದೆ. ಆರನೆಯ ದಿನ ಗಂಜಿ ಇಳಿಯಿತು. ಇವರು ಚಮಚ ಹಿಡಿದು ಕಾದರು. ನಾನೂ ಕಾದೆ. ಅರ್ಧ ಗಂಟೆ ಕಳೆಯಿತು.

ಬರಲಿಲ್ಲ.

ಈಗ ಎರಡು ತಿಂಗಳು. ಗಟ್ಟಿ ಅನ್ನ ಇನ್ನೂ ಸಿಕ್ಕಿಕೊಳ್ಳುತ್ತದೆ. ಇಂಜೆಕ್ಷನ್ನಿನ ಪವರ್ ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ಇಳಿದರೆ ಪುನಃ ಹೋಗುವುದು. ಕೆಮ್ಮಿದಾಗ ಕಫ ಕತ್ತಿನಿಂದ ಹಾರಿ ಗೋಡೆಗೆ ಬಿದ್ದರೆ ನನಗೆ ಈಗಲೂ ಹೇಸಿಗೆ ಆಗುತ್ತದೆ. ಅದನ್ನು ಇವರಿಂದ ಮುಚ್ಚಿಡುವುದಿಲ್ಲ. ಮುಖ ಕಿವಿಚುತ್ತೇನೆ, ಇವರು ಶಬ್ದವಿಲ್ಲದೆ ನಗುತ್ತಾರೆ.

ನಿನ್ನೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಬಂಗುಡೆ ಸಾರು ಕಲಸಿ, ಮುಳ್ಳು ಬಿಡಿಸಿ ಕೊಟ್ಟೆ. ನನಗೂ ಬಡಿಸಿಕೊಂಡು ಇವರ ಪಕ್ಕ ಕುಳಿತೆ. ಇವರದ್ದು ಮೊದಲು ಮುಗಿಯಿತು. ಬಟ್ಟಲು ಚಾಚಿ ಇನ್ನೊಂದು ಸೌಟು ಕೇಳಿದರು.