ಶಶಿಕಲಾಳ ಲಾಗಿನ್‌ನಲ್ಲಿ

ಹುಡುಗರ ಪ್ರಾಜೆಕ್ಟುಗಳನ್ನು ಅಳಿಸಿದವಳು ಶಶಿಕಲಾ ಅಲ್ಲ, ನಾನು.

ಎರಡು ಸಾವಿರನೇ ಇಸವಿಯ ಆಸುಪಾಸು. ಹಾಸನದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾವಿಬ್ಬರೂ ಪಾಠ ಮಾಡುತ್ತಿದ್ದೆವು. ನಾನು ಹೊಳೆನರಸೀಪುರದವಳು, ಅವಳು ಕೊಣನೂರಿನವಳು. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿಯೇ ಎಲ್ಲ ಕೆಲಸ ಮಾಡಬೇಕಿತ್ತು. ಯಾವುದು ಏನು ಮಾಡುತ್ತದೆಂದು ತಿಳಿಯದಿದ್ದರೆ ಹೆಲ್ಪ್ ಇತ್ತು. ಹಿಂದೆ ಹೊಡೆದದ್ದು ಬೇಕಾದರೆ ಬಾಣದ ಕೀ ಒತ್ತಿದರೆ ಒಂದೊಂದಾಗಿ ಬರುತ್ತಿತ್ತು. ಶಶಿಕಲಾ ಹೆಲ್ಪ್ ಓದಿಸದೆ ಯಾರಿಗೂ ಎಂಟರ್ ಒತ್ತಲು ಬಿಡುತ್ತಿರಲಿಲ್ಲ. ನನಗದು ಅತಿ ಎನಿಸುತ್ತಿತ್ತು — ಅತಿಯೇನು, ಹುಡುಗರೆಲ್ಲ ಅವಳನ್ನೇ ಕೇಳುತ್ತಾರೆಂಬ ಹೊಟ್ಟೆಕಿಚ್ಚು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಅವಳು ಊಟಕ್ಕೆ ಹೋದಾಗ ಅವಳ ಲಾಗಿನ್ ತೆರೆದೇ ಇತ್ತು. ನನಗೊಂದು ಫೈಲ್ ಕಾಪಿ ಮಾಡಬೇಕಿತ್ತು. ಕಮಾಂಡ್ ಮರೆತಿತ್ತು, ಹೆಲ್ಪ್ ಓದಲು ಸೋಮಾರಿತನ. ಬಾಣದ ಕೀ ಒತ್ತಿ, ಬಂದದ್ದನ್ನು ನೋಡದೆ ಎಂಟರ್ ಹೊಡೆದೆ. ಅದು ಅವಳು ಬೆಳಿಗ್ಗೆ ಬೇಡದ ಫೈಲುಗಳನ್ನು ಅಳಿಸಿದ ಕಮಾಂಡ್. ನಾನಿದ್ದದ್ದು ಹುಡುಗರ ಪ್ರಾಜೆಕ್ಟುಗಳಿದ್ದ ಫೋಲ್ಡರಿನಲ್ಲಿ; ಎಲ್ಲವೂ ಅಳಿಸಿಹೋಯಿತು. ತಿಳಿದ ಮೇಲೂ — ಎದ್ದುಹೋಗಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆ. ಅದು ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಪ್ರಿನ್ಸಿಪಾಲರು ಬಂದಾಗ ಹುಡುಗಿಯರು ಅಳುತ್ತಿದ್ದರು. ಶಶಿಕಲಾ ಮಾತ್ರ ಹೆದರಲಿಲ್ಲ. “ಹಿಸ್ಟರಿ ತೆಗ್ಸಿ ನೋಡಿ ಸಾ. ಏನು ಹೊಡ್ದವ್ರೆ ಅಂತ ಅದ್ರಲ್ಲೇ ಸಿಕ್ತದೆ” ಎಂದಳು.

ತೆಗೆದು ತೋರಿಸಿದವಳು ನಾನೇ. ಆ ಕಮಾಂಡ್ ಅಲ್ಲಿತ್ತು, ಅವಳದೇ ಲಾಗಿನ್‌ನಲ್ಲಿ. ಅವಳು ಪರದೆ ನೋಡಿದಳು, ಆಮೇಲೆ ನನ್ನನ್ನು.

“ನಾನು ಊಟಕ್ಕೋದಾಗ ಇಲ್ಲಿ ಯಾರು ಕೂತಿದ್ರು, ನೀವೇ ಹೇಳಿ ಅಕ್ಕ.”

“ಯಾರೂ ಕೂತಿರ್ಲಿಲ್ಲ ಸಾರ್.” ಉತ್ತರವನ್ನು ಅವಳಿಗೆ ಕೊಡಲಿಲ್ಲ, ಪ್ರಿನ್ಸಿಪಾಲರಿಗೆ ಕೊಟ್ಟೆ.

ಆ ವಾರವೇ ಅವಳನ್ನು ತೆಗೆದರು. ಲ್ಯಾಬಿನ ಉಸ್ತುವಾರಿ ನನಗೆ ಬಂತು. ಆಮೇಲೆ ಪ್ರತಿ ವರ್ಷ ಹೊಸ ಹುಡುಗರಿಗೆ, ನೋಡದೆ ಎಂಟರ್ ಹೊಡೆದು ಕೆಲಸ ಕಳೆದುಕೊಂಡ ಮೇಡಂ ಎಂದು ಅವಳ ಕಥೆ ಹೇಳಿ ನಗಿಸುತ್ತಿದ್ದೆ. ನಗಿಸುತ್ತಿದ್ದೆ!

ಒಮ್ಮೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅರಕಲಗೂಡಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಾಳಂತೆ. ಕಂಪ್ಯೂಟರಿನ ತಂಟೆಗೆ ಹೋಗುವುದಿಲ್ಲವಂತೆ. ಚೆನ್ನಾಗಿದ್ದೀರಾ ಅಕ್ಕ ಎಂದು ಕೇಳಿದಳು. ಚೆನ್ನಾಗಿದ್ದೀನಿ ಎಂದು ಸಿಕ್ಕಿದ ಬಸ್ಸು ಹತ್ತಿದೆ.

ಅವಳ ಕಾಲಿಗೆ ಬಿದ್ದು ಹಗುರಾಗೋಣವೆಂದು ಎಷ್ಟೋ ಸಲ ಅನ್ನಿಸಿದೆ. ಅದೂ ನನ್ನ ಸುಖಕ್ಕೇ. ಅವಳಿಗೆ ಅಂದೇ ಗೊತ್ತಿತ್ತು. ಗೊತ್ತಿಲ್ಲದವರು ಪ್ರಿನ್ಸಿಪಾಲರು, ನಿವೃತ್ತರಾಗಿ ಹಾಸನದಲ್ಲೇ ಇದ್ದಾರೆ. ಮತ್ತೆ, ನಾನು ನಗಿಸಿದ ಹುಡುಗರು. ನಾಳೆ ಮೊದಲು ಪ್ರಿನ್ಸಿಪಾಲರ ಮನೆಗೆ ಹೋಗುತ್ತೇನೆ.